ಕರ್ಚೀಫು ಹಾಕಿದ ಕುರ್ಚಿ

"ಇದು ಎಲೆಕ್ಷನ್ ಗುರುತಲ್ವೇನಪ್ಪ? ನಾವು ಇಲ್ಲೂ ಇದಕ್ಕೆ ಓಟು ಹಾಕ್ಬೇಕಾ?"

ಇಂದಿರಮ್ಮ ಫೋನನ್ನು ಮೂಗಿನ ಹತ್ತಿರ ಹಿಡಿದು ಇಷ್ಟು ಕೇಳಿದ್ದೇ ತಡ, ಹಿಂದೆ ಗೋಡೆಗೆ ಒರಗಿ ಕುಳಿತಿದ್ದ ಕೃಪಾಳ ಎದೆ ಧಸಕ್ಕೆಂದಿತು.

ಎಲೆಕ್ಷನ್ ಗುರುತು...!

ಅವಳು ವಾರಗಟ್ಟಲೆ ತಿದ್ದಿ ತೀಡಿದ ಐಕಾನ್ ಅದು. ನೀಲಿಯ ಮೇಲೆ ಒಂದು ಬಿಳಿ ಅಂಗೈ. 'ನನಗೆ ಸಹಾಯ ಬೇಕು' ಎಂದು ಯಾರೋ ಕೈ ಎತ್ತಿದ ಹಾಗೆ. ಬೆರಳುಗಳ ತುದಿ ಎಷ್ಟು ದುಂಡಗಿರಬೇಕು ಎಂದು ಯೋಚಿಸಿಯೇ ಅವಳು ಅರ್ಧ ನಿದ್ದೆ ಕಳೆದುಕೊಂಡಿದ್ದಳು. ಮಂಡ್ಯದ ಕಡೆಯ ಈ ಅಜ್ಜಿ ಒಂದೇ ಏಟಿಗೆ ಅದನ್ನು ಮತಗಟ್ಟೆಗೆ ಕಳುಹಿಸಿಬಿಟ್ಟರು.

ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಒಂದು ಸಿಹಿತಿಂಡಿ ಅಂಗಡಿಯ ಹಿಂದಿನ ಕೋಣೆ. ಶನಿವಾರದ ಮಧ್ಯಾಹ್ನ. ಮುಂದೆ ಜಿಲೇಬಿ ಕರಿಯುವ ಘಮ, ಒಳಗೆ ಹಿರಿಯರ ಸಣ್ಣದೊಂದು ಗುಂಪು. ಮಕ್ಕಳ ಜೊತೆ ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿದವರು. ಆಸ್ಪತ್ರೆಗೆ ಒಬ್ಬರೇ ಹೋಗಬೇಕಾದಾಗ, ತಮ್ಮ ಭಾಷೆ ಬಲ್ಲ ಒಬ್ಬ ಸ್ವಯಂಸೇವಕರನ್ನು ಅವರು ಫೋನಿನಲ್ಲೇ ಕರೆಸಿಕೊಳ್ಳಲೆಂದು ಒಂದು ಆ್ಯಪ್ ತಯಾರಾಗುತ್ತಿತ್ತು. ಹೆಸರು 'ಜೊತೆ'. ಮೆಲ್ಬರ್ನ್‌ನ ಪುಟ್ಟ ಸಂಸ್ಥೆಯೊಂದು ಅದನ್ನು ಮಾಡಿಸುತ್ತಿತ್ತು. ಅದರ ಐಕಾನ್‌ಗಳನ್ನೆಲ್ಲ ಬರೆಯುವ ಕೆಲಸ ನಮ್ಮ ಕೃಪಾಳದು.

ಇವತ್ತು ಆ ಐಕಾನ್‌ಗಳ ಪರೀಕ್ಷೆ. ಪರೀಕ್ಷೆ ಮಾಡುವವನು ಮೆಲ್ಬರ್ನ್‌ನಿಂದ ಬಂದಿದ್ದ ಯತೀಶ್. ಡಿಸೈನರ್ ಬಂದು ಕೂರಬಹುದು, ಆದರೆ ಬಾಯಿ ಬಿಡಬಾರದು ಎಂಬುದು ಅವನ ಷರತ್ತು. ಕೃಪಾ ಒಪ್ಪಿಯೂ ಇದ್ದಳು. ಪಾಪ, ಎಲೆಕ್ಷನ್ ಬರುತ್ತದೆಂದು ಅವಳಿಗೇನು ಗೊತ್ತಿತ್ತು?

"ಅಲ್ಲ ಆಂಟಿ, ಅದು ಓಟಿಂದಲ್ಲ. ಹೆಲ್ಪ್ ಬೇಕು ಅಂತ ಕೈ ಎತ್ತಿರೋದು. ಸರಿಯಾಗಿ ನೋಡ್ರಿ."

ಹೇಳುತ್ತ ಹೇಳುತ್ತ ಅವಳು ಎದ್ದೇ ನಿಂತಿದ್ದಳು. ಸಿಡ್ನಿಗೆ ಓದಲು ಬಂದು, ಕೆಲಸ ಹಿಡಿದು, ಕಾಯಂ ನೆಲೆಸುವ ಪರವಾನಗಿ ಪಿಆರ್ ಸಿಕ್ಕಿ ಇಲ್ಲಿಯವಳೇ ಆಗಿದ್ದರೂ ಸಿಟ್ಟು ಬಂದಾಗ ಅವಳ ಬಾಯಲ್ಲಿ ದಾವಣಗೆರೆ ಇಣುಕುತ್ತಿತ್ತು.

ಇಂದಿರಮ್ಮನ ಎದುರು ಕುಳಿತಿದ್ದವನು ನಿಧಾನವಾಗಿ ತಿರುಗಿದ. ಹಸಿರು ಸ್ವೆಟರ್, ಕಟ್ಟಿಲ್ಲದ ಕನ್ನಡಕ. ಮುಖದಲ್ಲಿ ಸಿಟ್ಟಿಲ್ಲ, ನಗುವಿಲ್ಲ, ಏನೆಂದರೆ ಏನೂ ಇಲ್ಲ.

"ನೀವು ಸ್ವಲ್ಪ ಹೊರಗೆ ಕೂತ್ಕೊಳ್ತೀರಾ ಮೇಡಂ?" ಎಂದ ಯತೀಶ್.

ಅಷ್ಟು ಜನರ ಮುಂದೆ! ಕೃಪಾಳ ಕಿವಿಯವರೆಗೆ ಬಿಸಿ ಏರಿತು. ಬ್ಯಾಗು ಎತ್ತಿಕೊಂಡು ಹೊರಗೆ ಬಂದವಳು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತಳು. 'ಯಾರೀ ಇವನು? ಮುಖಾನೋ ಮುಚ್ಚಿದ ಬಾಗಿಲೋ...' ಎಂದು ಅವನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದಳು.

ಪರೀಕ್ಷೆ ಮುಗಿಸಿ ಅವನು ಹೊರಗೆ ಬಂದಾಗ ಅವನ ಎರಡೂ ಕೈಯಲ್ಲಿ ಚಹಾದ ಲೋಟಗಳಿದ್ದವು. ಕ್ಷಮೆಯನ್ನೇನೂ ಕೇಳಲಿಲ್ಲ. ಒಂದು ಲೋಟ ಅವಳ ಪಕ್ಕ ಇಟ್ಟು, ತಾನೂ ಸ್ವಲ್ಪ ದೂರದಲ್ಲಿ ಕುಳಿತ. ಮಾತಿನಲ್ಲಿ ಪುತ್ತೂರಿನ ಕಡೆಯ ರಾಗ.

"ನೀವು ಒಳಗೆ ಹೇಳಿದ್ದು ಸರಿಯೇ. ಆದ್ರೆ ಇಂದಿರಮ್ಮ ಆಸ್ಪತ್ರೆಯಲ್ಲಿ ಫೋನ್ ತೆಗೆಯುವಾಗ ನೀವು ಅವರ ಪಕ್ಕದಲ್ಲಿ ಇರುದಿಲ್ಲ ಅಲ್ವಾ? ನಿಮ್ಮ ಐಕಾನ್ ಒಂದೇ ಹೋಗ್ತದೆ. ಅದಕ್ಕೆ ಬಾಯಿ ಇಲ್ಲ."

ಕೃಪಾ ಲೋಟ ಕೈಗೆತ್ತಿಕೊಂಡಳು. ಆ ಮಾತು ನೇರವಾಗಿ ಹೋಗಿ ತಾಕಿತ್ತು. ಒಂದು ಗುಟುಕು ಕುಡಿದು, ನಿಮಗಾದರೂ ಆ ಕೈ ಇಷ್ಟವಾಯಿತೇ ಎಂದು ಕೇಳಿದಳು.

ಅವನು ಫೋನನ್ನು ತೋಳುದ್ದ ದೂರ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡಿದ. ಆಮೇಲೆ ಫೋನನ್ನು ಅವಳತ್ತ ತಿರುಗಿಸಿದ.

"ನಿಮಗೆ ಎಂತ ಕಾಣ್ತದೆ?"

ಕೃಪಾ ಕೂಡ ಕಣ್ಣು ಕಿರಿದು ಮಾಡಿ ನೋಡಿದಳು. ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಹೌದು... ಯಾವುದೋ ಪೋಸ್ಟರಿನ ಹಾಗೇ ಕಾಣುತ್ತಿತ್ತು! ಅವಳಿಗೆ ತಡೆಯಲಾರದಷ್ಟು ನಗು ಬಂತು. ಅವನ ತುಟಿಯ ಅಂಚೂ ಒಂದಿಷ್ಟು ಅಲುಗಿತು. ಅಲುಗಿತೋ, ತನಗೇ ಹಾಗನ್ನಿಸಿತೋ ಎಂದು ಕೃಪಾಳಿಗೆ ತಿಳಿಯಲಿಲ್ಲ. ಮುಂದೆ ಈ 'ಎಂತ ಕಾಣ್ತದೆ' ಅವಳ ಬಾಳಿನಲ್ಲಿ ಏನೆಲ್ಲ ಆಟ ಆಡಲಿದೆ ಎಂಬುದೂ ತಿಳಿದಿರಲಿಲ್ಲ.

* * *

ಯತೀಶ್ ಆ ವಾರ ಸಿಡ್ನಿಯಲ್ಲೇ ಉಳಿದ. ಆ್ಯಪ್ ಎಲ್ಲಿ ಬಳಕೆಯಾಗುತ್ತದೋ ಆ ಜಾಗವನ್ನು ಕಣ್ಣಾರೆ ನೋಡಬೇಕು ಎಂಬುದು ಅವನ ಹಟ. ವೆಸ್ಟ್‌ಮೀಡ್‌ನಲ್ಲಿ ಇಂದಿರಮ್ಮನಿಗೆ ಆಸ್ಪತ್ರೆಯ ಡಾಕ್ಟರರ ಅಪಾಯಿಂಟ್‌ಮೆಂಟ್ ಇತ್ತು. ಮಗ ಗಿರೀಶನಿಗೂ ಸೊಸೆಗೂ ಆಫೀಸು. ಎಂದಿನಂತೆ ಅಜ್ಜಿ ಒಬ್ಬರೇ ಹೊರಟಿದ್ದರು. ಸುಮ್ಮನೆ ಹಿಂದೆ ಕುಳಿತು ನೋಡುತ್ತೇವೆ ಎಂದು ಇವರಿಬ್ಬರು ಅವರಿಂದ ಒಪ್ಪಿಗೆ ಪಡೆದು ಹೋದರು. ಕೃಪಾಳ ಬಾಡಿಗೆ ಫ್ಲ್ಯಾಟ್ ಅಲ್ಲಿನ ಸ್ಟೇಷನ್ ಪಕ್ಕದಲ್ಲೇ ಇದ್ದುದರಿಂದ ಅವಳು ನಡೆದೇ ಬಂದಳು.

ಕಾಯುವ ಜಾಗದಲ್ಲಿ ಸಾಲಾಗಿ ಕುರ್ಚಿಗಳು. ಇಂದಿರಮ್ಮ ಒಂದರಲ್ಲಿ ಕುಳಿತರು. ಸೆರಗು ಸರಿಮಾಡಿಕೊಂಡರು. ಆಮೇಲೆ ಚೀಲದಿಂದ ಚೌಕುಳಿಯ ಕರ್ಚೀಫೊಂದನ್ನು ತೆಗೆದು, ಮಡಿಕೆ ಬಿಡಿಸಿ, ಪಕ್ಕದ ಕುರ್ಚಿಯ ಮೇಲೆ ಹಾಸಿದರು.

ಕೃಪಾಳ ಕಣ್ಣು ಅಲ್ಲೇ ನೆಟ್ಟಿತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಅವಳೂ ಎಸೆದವಳೇ. ಆದರೆ ಇಲ್ಲಿ ಕುರ್ಚಿಗಳು ಬೇಕಾದಷ್ಟು ಖಾಲಿ ಇದ್ದವು!

ಬಾಯಿ ಬಿಡಬಾರದೆಂಬ ಷರತ್ತು ಮತ್ತೆ ಮುರಿಯಿತು. ಯಾರಿಗೆ ಸೀಟು ಹಿಡಿದಿದ್ದೀರಿ ಎಂದು ಅವಳು ಮೆಲ್ಲಗೆ ಕೇಳಿಯೇಬಿಟ್ಟಳು.

"ಯಾರ್ಗೂ ಇಲ್ಲ ಕಣವ್ವ," ಎಂದರು ಇಂದಿರಮ್ಮ, ಸ್ವಲ್ಪ ನಾಚಿಕೊಂಡು. "ಒಬ್ಳೇ ಬಂದಿವ್ನಿ ಅಂತ ಅನ್ನಿಸ್ಬಾರ್ದು ನೋಡು. ಯಾರೋ ಬತ್ತಾ ಅವ್ರೆ, ಅವ್ರಿಗೆ ಸೀಟು ಹಿಡ್ದಿವ್ನಿ ಅಂದ್ಕಂಡ್ರೆ ಜೀವಕ್ಕೊಂದು ಸಮಾಧಾನ."

ಕೃಪಾ ತಿರುಗಿ ನೋಡಿದರೆ ಯತೀಶ್ ಕೂಡ ಅವಳನ್ನೇ ನೋಡುತ್ತಿದ್ದ. ಆ ಮುಚ್ಚಿದ ಬಾಗಿಲಿನಂಥ ಮುಖದಲ್ಲಿ ಮೊದಲ ಬಾರಿಗೆ ಕಣ್ಣು ತುಂಬಿದ್ದು ಕಾಣಿಸಿತು. ಇಬ್ಬರ ತಲೆಯಲ್ಲೂ ಒಂದೇ ಕ್ಷಣಕ್ಕೆ ಒಂದೇ ಚಿತ್ರ.

ಕುರ್ಚಿ... ಪಕ್ಕದ ಕುರ್ಚಿ!

ಅಬ್ಬಾ, ಆ ದಿನದ ಸಂಭ್ರಮವೇ ಸಂಭ್ರಮ! ಅಜ್ಜಿಯನ್ನು ಮನೆ ಮುಟ್ಟಿಸಿ, ಇಬ್ಬರೂ ವೆಸ್ಟ್‌ಮೀಡ್ ಸ್ಟೇಷನ್ನಿನ ಬೆಂಚಿನ ಮೇಲೆಯೇ ಕುಳಿತುಬಿಟ್ಟರು. ಕೃಪಾಳ ಟ್ಯಾಬಿನ ಮೇಲೆ ಗೆರೆಗಳು ಓಡಿದವು. ಮೊದಲು ಬಂದದ್ದು ಕಾಲು, ಕೈ, ಕುಶನ್ ಎಲ್ಲ ಇದ್ದ ಎರಡು ಚೆಂದದ ಕುರ್ಚಿಗಳು. ಬೆರಳಿನ ಉಗುರಿನಷ್ಟಕ್ಕೆ ಇಳಿಸಿದಾಗ ಕಾಲುಗಳೆಲ್ಲ ಕಲಸಿಹೋಗಿ ಬಾಚಣಿಗೆಯಂತಾದವು. ಕಾಲು ಕಡಿಮೆ ಮಾಡಿದಳು. ಕುಶನ್ ತೆಗೆದಳು. ಇನ್ನೊಂದು ಗೆರೆ ತೆಗೆದರೆ ಕುರ್ಚಿಯೇ ಅಲ್ಲ ಎನ್ನುವಲ್ಲಿಗೆ ಬಂದು ಕೈ ನಿಲ್ಲಿಸಿದಳು. ಒಂದನ್ನೊಂದು ತಾಕಿ ನಿಂತ ಎರಡು ಕುರ್ಚಿ. ಒಂದರ ಮೇಲೆ ಪುಟ್ಟ ಕರ್ಚೀಫು.

ಯತೀಶ್ ಫೋನು ಹಿಡಿದು ಪ್ಲಾಟ್‌ಫಾರ್ಮಿನ ಆ ತುದಿಯವರೆಗೂ ಹೋದ. ಬಿಸಿಲಿಗೆ ಹಿಡಿದು ನೋಡಿದ, ನೆರಳಿನಲ್ಲಿ ನೋಡಿದ, ಬಣ್ಣವೆಲ್ಲ ತೆಗೆಸಿ ಬರೀ ಬೂದಿ ಬಣ್ಣದಲ್ಲಿ ನೋಡಿದ. ಜನ ತಿರುಗಿ ನೋಡುತ್ತಿದ್ದರೂ ಅವನಿಗೆ ಪರಿವೆಯಿಲ್ಲ.

"ಎರಡು ಕುರ್ಚಿ ಕಾಣ್ತದೆ," ಎಂದ ಅವನು ಹಿಂದಕ್ಕೆ ಬಂದು.

ಅಷ್ಟೇ! ಅಷ್ಟಕ್ಕೇ ಅವಳಿಗೆ ಯಾರೋ ಹಾರ ಹಾಕಿ ಮೆರವಣಿಗೆ ಮಾಡಿಸಿದಷ್ಟು ಖುಷಿಯಾಯಿತು. 'ಇವನ ಬಾಯಿಂದ ಒಂದು ಮಾತು ಬಿದ್ದರೆ ನನಗ್ಯಾಕೆ ಇಷ್ಟು ಹಿಗ್ಗು?' ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಹೊಳೆಯಿತು. ಹೊಳೆದ ತಕ್ಷಣ ಟ್ಯಾಬಿನೊಳಗೆ ಮುಖ ಹುದುಗಿಸಿದಳು.

* * *

ಯತೀಶ್ ಮೆಲ್ಬರ್ನ್‌ಗೆ ಹೋದ ಮೇಲೆ ಪ್ರತಿ ಸಂಜೆ ವಿಡಿಯೋ ಕಾಲ್. ಅವನು ಹೊಸ ಮನೆಗಳ ಬಡಾವಣೆಯಾದ ವಿಂಡಮ್ ವೇಲ್‌ನಲ್ಲಿ ಅಸುಂತಾ ಆಂಟಿಯ ಮನೆಯ ಒಂದು ರೂಮಿನಲ್ಲಿ ಬಾಡಿಗೆಗಿದ್ದ. ಅಸುಂತಾ ಆಂಟಿ ಮಂಗಳೂರಿನವರು, ಮನೆಮಾತು ಕೊಂಕಣಿ, ನರ್ಸ್ ಕೆಲಸದಿಂದ ನಿವೃತ್ತಿ. ಕಾಲ್ ನಡೆಯುವಾಗ ಹಿಂದಿನಿಂದ ಅವರ ದನಿಯೂ ಮೀನು ಸಾರಿನ ಒಗ್ಗರಣೆಯ ಸದ್ದೂ ಕೇಳುತ್ತಿದ್ದವು.

ಮೊದಮೊದಲು ಮಾತೆಲ್ಲ ಐಕಾನಿನದೇ. ಔಷಧಿಗೆ ಯಾವ ಚಿತ್ರ, ದಾರಿಗೆ ಯಾವುದು, ಎಲ್ಲ ಗೆರೆಗಳೂ ಒಂದೇ ದಪ್ಪ ಇರಬೇಕಲ್ಲವೇ, ಎಲ್ಲವೂ ಒಂದೇ ಮನೆಯ ಮಕ್ಕಳಂತೆ ಕಾಣಬೇಕಲ್ಲವೇ. ಆಮೇಲೆ ಮಾತು ಹಾದಿ ತಪ್ಪತೊಡಗಿತು. ದಾವಣಗೆರೆಯ ಮಂಡಕ್ಕಿ ಮಿರ್ಚಿ ಬಂತು, ಪುತ್ತೂರಿನ ನೀರುದೋಸೆ ಬಂತು. ಒಂದು ಸಂಜೆ ಕೆಲಸದ ಮಾತು ಒಂದೂ ಆಡದೆ ಕಾಲ್ ಮುಗಿದದ್ದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಅದನ್ನು ಹೇಳಲಿಲ್ಲ.

ಜಗಳವೂ ಇತ್ತು. ಐಕಾನಿನ ಕೆಳಗೆ ಅದರ ಹೆಸರು ಬರೆಯಬೇಕು, ಲೇಬಲ್ ಇಲ್ಲದೆ ಹಿರಿಯರು ಒತ್ತಲು ಹೆದರುತ್ತಾರೆ ಎಂದು ಅವನ ವಾದ. ಒಳ್ಳೆಯ ಐಕಾನಿಗೆ ಅಕ್ಷರದ ಊರುಗೋಲು ಬೇಕಿಲ್ಲ ಎಂದು ಇವಳ ಹೆಮ್ಮೆ. ಕೊನೆಗೆ ಪರೀಕ್ಷೆಯಲ್ಲಿ ಅವನೇ ಗೆದ್ದ. ಕೃಪಾ ಒಂದು ದಿನ ಮುನಿಸಿಕೊಂಡು ಮರುದಿನ ಪ್ರತಿ ಭಾಷೆಯಲ್ಲೂ ಲೇಬಲ್ ಹಾಕಿಕೊಟ್ಟಳು.

ಕರ್ಚೀಫೂ ಸೋತಿತು. ಇಂದಿರಮ್ಮನಂಥವರು ಅದನ್ನು ನೋಡಿದ ಕೂಡಲೇ ಮುಗುಳ್ನಕ್ಕರು. ಆದರೆ ಬೇರೆ ಕಡೆಯವರಿಗೆ ಅದು ಇಸ್ತ್ರಿ ಬಟ್ಟೆಯಾಯಿತು, ಹೋಟೆಲಿನ ನ್ಯಾಪ್ಕಿನ್ ಆಯಿತು, ಚಿಕ್ಕ ಸ್ಕ್ರೀನಿನಲ್ಲಿ ಬರೀ ಕಲೆಯಾಯಿತು. ತೆಗೆಯಲೇಬೇಕು ಎಂದ ಯತೀಶ್. ಕೃಪಾ ಹಲ್ಲು ಕಚ್ಚಿ ತೆಗೆದಳು. ಉಳಿದದ್ದು ಬರೀ ಎರಡು ಕುರ್ಚಿ. ಅವು ಎಲ್ಲ ಕಡೆ ಗೆದ್ದವು.

ಎಲ್ಲವೂ ಗೆಲ್ಲುತ್ತಿತ್ತು. ಆದರೆ ಅವನು ಮಾತ್ರ ಏನೂ ಹೇಳುತ್ತಿರಲಿಲ್ಲ! ಚೆನ್ನಾಗಿದೆ ಎನ್ನಲಿಲ್ಲ, ನೀವು ಚೆನ್ನಾಗಿ ಮಾಡುತ್ತೀರಿ ಎನ್ನಲಿಲ್ಲ. ಒಮ್ಮೆ ಅವಳು ಹೊಸ ಕುರ್ತಾ ಹಾಕಿಕೊಂಡು ಕಾಲ್‌ಗೆ ಕುಳಿತು, ಹೇಗಿದೆ ಎಂದು ಕೇಳಿದಳು. ಅವನು ಗಲ್ಲಕ್ಕೆ ಕೈ ಕೊಟ್ಟು ಬಹಳ ಹೊತ್ತು ನೋಡಿ, ನಿಮಗೆ ಹೇಗೆ ಅನ್ನಿಸುತ್ತದೆ ಎಂದು ತಿರುಗಿ ಕೇಳಿದ. ಕೃಪಾಳಿಗೆ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಕುಳಿತುಬಿಡೋಣ ಎನ್ನಿಸಿತು.

ಅವನ ವೃತ್ತಿಯೇ ಹಾಗೆ. ಎದುರಿನವರ ಉತ್ತರಕ್ಕೆ ತನ್ನ ಆಸೆ ಬೆರೆಸಬಾರದು. ತಲೆ ಆಡಿಸಬಾರದು, ಭೇಷ್ ಎನ್ನಬಾರದು. ವರ್ಷಗಟ್ಟಲೆ ಹಾಗೇ ಕುಳಿತು ಕುಳಿತು ಅವನಿಗೆ ಅದು ಚರ್ಮಕ್ಕೇ ಅಂಟಿಬಿಟ್ಟಿತ್ತು. ಇದು ಕೃಪಾಳಿಗೂ ಗೊತ್ತು. ಆದರೂ ಹುಡುಗಿಯ ಮನಸ್ಸು ಕೇಳಬೇಕಲ್ಲ...

ಅಷ್ಟರಲ್ಲಿ ಸಂಸ್ಥೆಯ ಮುಖ್ಯಸ್ಥೆ ವಿಯೋಲಾ ಫೋನ್ ಮಾಡಿದರು. ಆ್ಯಪ್ ಬಿಡುಗಡೆಯಾದ ಮೇಲೂ ಕೃಪಾ ತಮ್ಮ ಜೊತೆಗೇ ಇರಬೇಕು, ಖಾಯಂ ಕೆಲಸ, ಆದರೆ ಮೆಲ್ಬರ್ನ್‌ಗೆ ಬಂದು ನೆಲೆಸಬೇಕು. ಬಿಡುಗಡೆಯ ದಿನ ಅವಳ ಉತ್ತರ ಬೇಕೆಂದರು.

ಮೆಲ್ಬರ್ನ್! ಯತೀಶನ ಊರು. ಒಂದೇ ಆಫೀಸು.

ಕೃಪಾಳಿಗೆ ಕುಣಿಯುವಂತಾಯಿತು. ಮರುಗಳಿಗೆಯೇ ಎದೆ ಕುಸಿಯಿತು. ಅವನ ಮನಸ್ಸಿನಲ್ಲಿ ತಾನಿಲ್ಲದಿದ್ದರೆ? ದಿನವೂ ಆ ಮುಖದ ಎದುರು ಕುಳಿತು, ದಿನವೂ ಒಂದು ನಗುವಿಗಾಗಿ ಕಾಯುವುದು ತನ್ನಿಂದಾಗದು. ಹೋದರೆ ಅವನಿಗಾಗಿ ಹೋಗಬೇಕು, ಇಲ್ಲವಾದರೆ ಸಿಡ್ನಿಯೇ ವಾಸಿ. ತಿಳಿಯಲೇಬೇಕು... ಈಗಲೇ ತಿಳಿಯಲೇಬೇಕು!

ಬೇರೆ ಹುಡುಗಿಯಾಗಿದ್ದರೆ ಬಾಯಿ ಬಿಟ್ಟು ಕೇಳುತ್ತಿದ್ದಳು. ಇವಳು ಐಕಾನ್ ಬರೆಯುವವಳು. ಪರೀಕ್ಷೆಯಲ್ಲಿ ಸೋತ ಆ ಹಳೆಯ ಚಿತ್ರವನ್ನು ತೆರೆದಳು. ಎರಡು ಕುರ್ಚಿ, ಒಂದರ ಮೇಲೆ ಕರ್ಚೀಫು. ಕರ್ಚೀಫಿಗೆ ಅವನ ಸ್ವೆಟರಿನ ಹಸಿರನ್ನೇ ತುಂಬಿದಳು. ನನ್ನ ಪಕ್ಕದ ಸೀಟು ನಿಮಗೆ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ? ಒಂದಕ್ಷರವನ್ನೂ ಬರೆಯದೆ ಅವನಿಗೆ ಕಳುಹಿಸಿದಳು.

ಕಳುಹಿಸಿ ಫೋನನ್ನು ದಿಂಬಿನ ಕೆಳಗೆ ತುರುಕಿದಳು. ತೆಗೆದಳು. ಮತ್ತೆ ತುರುಕಿದಳು.

ಕೊನೆಗೂ ಉತ್ತರ ಬಂತು. 'ನೋಡಿದೆ. ಸ್ವಲ್ಪ ಟೈಮ್ ಕೊಡಿ.'

ಟೈಮ್...? ಇಷ್ಟಕ್ಕೆ ಟೈಮ್ ಏಕೆ? ಮರುದಿನದ ಕಾಲ್‌ನಲ್ಲಿ ಅವನು ಬರೀ ಕೆಲಸದ ಮಾತಾಡಿದ. ಅದರ ಮರುದಿನ ಕಣ್ಣೇ ಕೊಡಲಿಲ್ಲ. ಬರಬರುತ್ತ ಕಾಲ್‌ಗಳು ಚಿಕ್ಕದಾದವು. ಹೇಗೆ ಬೇಡವೆನ್ನುವುದೆಂದು ತಿಳಿಯದೆ ಒದ್ದಾಡುತ್ತಿದ್ದಾನೆ, ಪಾಪ, ಒಳ್ಳೆಯವನು ಎಂದು ಕೃಪಾ ತೀರ್ಮಾನಿಸಿದಳು. ಆ ಒಳ್ಳೆಯತನವೇ ಅವಳನ್ನು ಹೆಚ್ಚು ಸುಟ್ಟಿತು. ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಚೆನ್ನಾಗಿ ಅತ್ತು, ಮುಖ ತೊಳೆದು ಬಂದು, ವಿಯೋಲಾರಿಗೆ 'ಬರುವುದಿಲ್ಲ' ಎಂದು ಹೇಳಬೇಕಾದ ಮಾತುಗಳನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು.

* * *

ಬಿಡುಗಡೆ ಒಂದು ಭಾನುವಾರ, ವಿಂಡಮ್ ವೇಲ್‌ನ ಸಮುದಾಯ ಭವನದಲ್ಲಿ. ಬಲೂನು, ಸಮೋಸ, ಓಡಾಡುವ ಮಕ್ಕಳು. ಗೋಡೆಯ ದೊಡ್ಡ ಪರದೆಯ ಮೇಲೆ ಕೃಪಾಳ ಎರಡು ಕುರ್ಚಿಗಳು ಬೆಳಗುತ್ತಿದ್ದವು. ಹಿರಿಯರೊಬ್ಬರು ಕನ್ನಡಕವಿಲ್ಲದೆಯೇ ತಮ್ಮ ಫೋನಿನಲ್ಲಿ ಅದನ್ನು ಹುಡುಕಿ ಒತ್ತಿದಾಗ ಭವನವೆಲ್ಲ ಚಪ್ಪಾಳೆ. ಕೃಪಾಳ ಮೈ ಜುಮ್ಮೆಂದಿತು. ದುಃಖವನ್ನೂ ಮರೆತು ಅವಳೂ ಜೋರಾಗಿ ಚಪ್ಪಾಳೆ ತಟ್ಟಿದಳು.

ಆಗಲೇ ಯಾರೋ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ಕಾಲ್‌ಗಳಲ್ಲಿ ಕೇಳಿ ಪರಿಚಯವಿದ್ದ ದನಿ. ಅಸುಂತಾ ಆಂಟಿ!

"ನೀನೇ ಅಲ್ವಾ ಮಗಾ ಆ ಹಸಿರು ಕರ್ಚೀಫಿನ ಕುರ್ಚಿ ಬರೆದದ್ದು? ನಮ್ಮ ಯತೀಶ ಅದನ್ನು ಹಿಡ್ಕೊಂಡು ತಿರುಗದ ಮನೆ ಇಲ್ಲ ಮಾರಾಯ್ತಿ. ಪಕ್ಕದ ಪಂಜಾಬಿಗಳಿಗೆ ತೋರಿಸಿದ, ಚರ್ಚಿನಲ್ಲಿ ಹಾಡುವ ಕಾಯರಿನವರಿಗೆ ತೋರಿಸಿದ. ಹುಲ್ಲು ಕತ್ತರಿಸ್ಲಿಕ್ಕೆ ಬಂದವನನ್ನೂ ಬಿಡ್ಲಿಲ್ಲ."

ಕೃಪಾ ತನ್ನ ಕೈಗಳನ್ನು ಬಿಡಿಸಿಕೊಂಡಳು.

ತೋರಿಸಿದನೇ...? ತನ್ನ ಹೃದಯವನ್ನೇ ಬಿಡಿಸಿ ಕಳುಹಿಸಿದರೆ, ಅದನ್ನು ಹಿಡಿದು ಬೀದಿ ಬೀದಿ ಸುತ್ತಿದನೇ!

ಅವಳು ನೇರ ಭವನದ ಹಿಂಭಾಗಕ್ಕೆ ನಡೆದಳು. ಅಲ್ಲಿ ಯತೀಶ್ ಉಳಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಅದೇ ಹಸಿರು ಸ್ವೆಟರ್. ಅವಳನ್ನು ಕಂಡು ಕೈ ನಿಲ್ಲಿಸಿದ.

"ಯತೀಶ್, ಅದನ್ನ ನಾನು ನಿಮಗೊಬ್ರಿಗೇ ಕಳ್ಸಿದ್ದು," ಎಂದಳು ಕೃಪಾ. "ಊರಿಗೆಲ್ಲ ಯಾಕ್ ತೋರಿಸಿದ್ರಿ? ಬ್ಯಾಡ ಅಂದಿದ್ರೆ ಸಾಕಿತ್ತಲ್ರೀ. ನಾನೇನ್ ಸಾಯ್ತಿದ್ನಾ?"

ಅವನ ಮುಖ ಬಿಳುಚಿತು.

"ತಪ್ಪಾಯ್ತು," ಎಂದ. "ಯಾರು ಕಳಿಸಿದ್ದು ಅಂತ ಯಾರಿಗೂ ಹೇಳ್ಲಿಲ್ಲ. ಆಂಟಿ ನನ್ನ ಮುಖ ನೋಡಿಯೇ ಕಂಡುಹಿಡಿದದ್ದು."

ಆ ಮುಖ ನೋಡಿ ಏನನ್ನಾದರೂ ಕಂಡುಹಿಡಿಯಬಹುದು ಎಂಬುದೇ ಕೃಪಾಳಿಗೆ ಹೊಸ ಸುದ್ದಿ.

"ಅದನ್ನು ನೋಡಿದ ಕೂಡ್ಲೇ ನನಗೆ ಒಂದು ಕಾಣಿಸಿತು ಕೃಪಾ. ನನಗೆ ಬೇಕಾದ್ದೇ ಕಾಣಿಸಿತು. ಆಗ ಹೆದರಿಕೆ ಆಯ್ತು. ನನಗೆ ಆಸೆ ಉಂಟು ಅಂತ ಹಾಗೆ ಕಾಣ್ತಾ ಉಂಟೋ, ನಿಜವಾಗಿ ಅದರಲ್ಲಿ ಉಂಟೋ? ಅಂಥ ಡೌಟ್ ಬಂದ್ರೆ ಬೇರೆಯವರಿಗೆ ತೋರಿಸಿ ಕೇಳ್ಬೇಕು. ನನಗೆ ಗೊತ್ತಿರುವ ಕೆಲಸ ಅದೊಂದೇ."

"ಕೇಳಿದ್ರಿ. ಏನಂತು ರಿಸಲ್ಟು?"

"ಫೇಲ್." ಅವನು ತಲೆ ತಗ್ಗಿಸಿದ. "ಒಬ್ಬರು ಹೋಟೆಲ್ ಅಂದ್ರು, ಒಬ್ಬರು ಲಾಂಡ್ರಿ ಅಂದ್ರು. ಹುಲ್ಲು ಕತ್ತರಿಸುವವ ಕುರ್ಚಿ ಮೇಲೆ ಎಲೆ ಬಿದ್ದಿದೆ ಅಂದ. ನನಗೆ ಕಂಡದ್ದು ಒಬ್ಬರಿಗೂ ಕಾಣ್ಲಿಲ್ಲ. ಹಾಗಾದ್ರೆ ನಾನೇ ತಪ್ಪು ಓದಿದ್ದು ಅಂತ ಗ್ರಹಿಸಿದೆ. ಮತ್ತೆ ಯಾವ ಮುಖ ಇಟ್ಕೊಂಡು ನಿಮ್ಮನ್ನು ಕೇಳುದು?"

ಕೃಪಾ ಅವನನ್ನೇ ನೋಡಿದಳು. ಸಿಟ್ಟು ಎಲ್ಲಿಗೆ ಹೋಯಿತೋ! ಅಷ್ಟು ದಿನ ಅವಳು ಸಿಡ್ನಿಯಲ್ಲಿ ಅಳುತ್ತಿದ್ದರೆ, ಈ ಮನುಷ್ಯ ಇಲ್ಲಿ ಮನೆ ಮನೆಯ ಬಾಗಿಲು ತಟ್ಟಿ ಅವಳ ಪ್ರೀತಿಗೆ ಸಾಕ್ಷಿ ಹುಡುಕುತ್ತಿದ್ದ. ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು.

"ಅದಕ್ಕೆ ಇದ್ದ ಯೂಸರ್ ಒಬ್ರೇ ರೀ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಅವರೊಬ್ರಿಗೆ ತಿಳಿದ್ರೆ ಸಾಕಿತ್ತು. ಅವರನ್ನ ಬಿಟ್ಟು ಊರನ್ನೆಲ್ಲ ಕೇಳಿದ್ರಿ."

ಯತೀಶ್ ತಲೆ ಎತ್ತಿದ.

ಕೃಪಾ ಫೋನು ತೆಗೆದು ಆ ಚಿತ್ರವನ್ನು ಅವನ ಎದುರು ತೋಳುದ್ದ ಹಿಡಿದಳು. ಅವನ ಪ್ರಶ್ನೆಯನ್ನು ಅವನ ರಾಗದಲ್ಲೇ ಅವನಿಗೆ ಕೇಳಿದಳು.

"ನಿಮಗೆ ಎಂತ ಕಾಣ್ತದೆ?"

ಅವನು ಫೋನನ್ನು ನೋಡಲಿಲ್ಲ, ಅವಳನ್ನು ನೋಡಿದ. ಮುಚ್ಚಿದ್ದ ಬಾಗಿಲು ಕೊನೆಗೂ ತೆರೆಯಿತು. ಎಂಥ ನಗು ಅದು! ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದನೋ.

"ಒಂದು ಸೀಟು ಕಾಣ್ತದೆ. ನನಗೆ ಅಂತ ನೀವು ಹಿಡಿದಿಟ್ಟ ಸೀಟು. ಜೀವನ ಇಡೀ ಅಲ್ಲಿಯೇ ಕೂತ್ಕೊಳ್ಬೇಕು ಅಂತ ನನಗೆ ಆಸೆ ಉಂಟು. ನೀವಂದ್ರೆ ನನಗೆ ತುಂಬಾ ಇಷ್ಟ ಕೃಪಾ. ಆ ಹ್ಯಾರಿಸ್ ಪಾರ್ಕಿನಲ್ಲಿ ನೀವು ಸಿಟ್ಟು ಮಾಡಿ ಎದ್ದು ನಿಂತ್ರಲ್ಲ, ಆಗಿನಿಂದಲೇ."

ಆಗಿನಿಂದಲೇ...! ಎಲೆಕ್ಷನ್ ಗುರುತಿನ ದಿನದಿಂದಲೇ! ಕೃಪಾ ಮುಂದೆ ನಡೆದು ಅವನ ಸ್ವೆಟರಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಪೇರಿಸಿಟ್ಟ ಕುರ್ಚಿಗಳ ಆ ಬದಿಯಿಂದ ಅಸುಂತಾ ಆಂಟಿ ಒಮ್ಮೆ ಇಣುಕಿ, ಶಿಲುಬೆಯ ಗುರುತು ಮಾಡಿಕೊಂಡು, ಸಮೋಸ ಹಂಚಲು ಹೊರಟುಹೋದರು.

ವಿಯೋಲಾ ಬಂದು ಉತ್ತರ ಕೇಳಿದಾಗ, ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಒಂದು ಮಾತೂ ಕೃಪಾಳಿಗೆ ನೆನಪಿರಲಿಲ್ಲ. ಯಾವಾಗಿನಿಂದ ಬರಲಿ ಎಂದಷ್ಟೇ ಕೇಳಿದಳು.

* * *

ಅಂದು ಸಂಜೆಯ ವಿಮಾನಕ್ಕೆ ಅವಳು ಸಿಡ್ನಿಗೆ ಮರಳಬೇಕಿತ್ತು, ಮನೆ ಖಾಲಿ ಮಾಡಿ ಬರುವುದಕ್ಕೆ. ಸಿಟಿಯವರೆಗೆ ಬರುತ್ತೇನೆಂದು ಯತೀಶ್ ಜೊತೆಗೆ ಹೊರಟ. ವಿಂಡಮ್ ವೇಲ್ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿಲ್ಲ. ಫುಟ್‌ಬಾಲ್ ಮ್ಯಾಚಿಗೆ ಹೊರಟವರು, ಕೊರಳಿಗೆ ಬಣ್ಣಬಣ್ಣದ ಸ್ಕಾರ್ಫು, ಗದ್ದಲವೋ ಗದ್ದಲ.

ರೈಲು ಬಂದು ನಿಂತದ್ದೇ ಯತೀಶ್ ಜನರ ನಡುವೆ ನುಸುಳಿ ಒಳಗೆ ಓಡಿದ. ಕೃಪಾ ಸೂಟ್‌ಕೇಸ್ ಎಳೆದುಕೊಂಡು ಹಿಂದೆ ಬರುವಷ್ಟರಲ್ಲಿ ಅವನು ಜೇಬಿನಿಂದ ಏನೋ ತೆಗೆದು ಕಿಟಕಿಯ ಬದಿಯ ಜೋಡಿ ಸೀಟಿನ ಮೇಲೆ ಎಸೆದಿದ್ದ.

ಕರ್ಚೀಫು! ಹಸಿರು ಕರ್ಚೀಫು! ಅವಳ ಐಕಾನ್ ಬಂದ ಮರುದಿನವೇ ಅವನು ಅದನ್ನು ಕೊಂಡು ತಂದಿದ್ದನಂತೆ. ಅಂದಿನಿಂದ ಕೊಡುವ ಧೈರ್ಯವಿಲ್ಲದೆ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಕೃಪಾಳ ಕಣ್ಣು ಮತ್ತೆ ತುಂಬಿತು.

ಆದರೆ ಮೆಲ್ಬರ್ನ್‌ನ ರೈಲಿಗೆ ದಾವಣಗೆರೆ ಬಸ್ಸಿನ ಕಾನೂನು ಹೇಗೆ ಗೊತ್ತಿರಬೇಕು? ದಪ್ಪ ಮೀಸೆಯ ಒಬ್ಬ ಸದ್ಗೃಹಸ್ಥ ಆ ಕರ್ಚೀಫನ್ನು ಎತ್ತಿ, ಧೂಳು ಕೊಡವಿ, ಬಹಳ ವಿನಯದಿಂದ ಯತೀಶನ ಕೈಗೆ ಕೊಟ್ಟ. ನಿನ್ನದು ಬಿದ್ದುಹೋಗಿತ್ತು ಮೇಟ್, ಎಂದು ಹೇಳಿ ತಾನೂ ತನ್ನ ಹೆಂಡತಿಯೂ ಆ ಸೀಟಿನಲ್ಲಿ ಆರಾಮ ಕುಳಿತರು.

ಯತೀಶ್ ಕರ್ಚೀಫು ಹಿಡಿದು ಪೆಚ್ಚಾಗಿ ನಿಂತ. ಕೃಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಲೇಬಲ್ ಬೇಕು ಅಂತ ನಾನು ಹೇಳಿದ್ದು ಸರಿ ಅಂತ ಈಗಲಾದ್ರೂ ಒಪ್ತೀರಾ?" ಎಂದ ಅವನು.

"ಒಪ್ಪಿದೆ ಮಾರಾಯ್ರೆ," ಎಂದಳು ಅವಳು, ಅವನ ಊರಿನ ಮಾತನ್ನೇ ಎರವಲು ಪಡೆದು.

ರೈಲು ಹೊರಟಿತು. ನಿಂತ ಜನ ಒಬ್ಬರ ಮೇಲೊಬ್ಬರು ವಾಲಿದರು. ಯತೀಶ್ ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದ. ಇನ್ನೊಂದು ಕೈಯಿಂದ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ, ತನ್ನ ಹೆಗಲ ಮೇಲೆ ಹಾಸಿದ.

ಕೃಪಾ ಅದನ್ನು ನೋಡಿದಳು. ಹಸಿರು ಸ್ವೆಟರಿನ ಮೇಲೆ ಹಸಿರು ಕರ್ಚೀಫು. ಪರೀಕ್ಷೆಗೆ ಇಟ್ಟರೆ ಯಾರ ಕಣ್ಣಿಗೂ ಕಾಣದ ಚಿತ್ರ. ಅವಳು ಒಂದು ಹೆಜ್ಜೆ ಹತ್ತಿರ ಬಂದು, ಅಲ್ಲಿ ತಲೆ ಇಟ್ಟಳು.

"ಎಂತ ಕಾಣ್ತದೆ?" ಎಂದು ಅವನು ಅವಳ ಕಿವಿಯ ಹತ್ತಿರ ಕೇಳಿದ.

"ಏನೂ ಕಾಣ್ತಿಲ್ಲ. ಕಣ್ಣು ಮುಚ್ಚಿದೀನಿ," ಎಂದಳು ಕೃಪಾ. "ಸುಮ್ನಿರು."

ಅವಳು ತನ್ನನ್ನು ಮೊದಲ ಬಾರಿಗೆ ಏಕವಚನದಲ್ಲಿ ಮಾತಾಡಿಸಿದ್ದನ್ನು ಕೇಳಿಸಿಕೊಂಡು, ಯತೀಶ್ ಸಿಟಿ ಬರುವವರೆಗೂ ಸುಮ್ಮನಿದ್ದ.